ಉಸಿರಿನ ನೈಟ್ರಿಕ್ ಆಕ್ಸೈಡ್ ಪರೀಕ್ಷೆ: ಹಿಂದಿನ ದಿನ ಬಸಳೆ ಬಿಡಿ, ಪಂಪ್ ಬಿಡಬೇಡಿ

ಶ್ವಾಸಕೋಶ ವಿಭಾಗಗಳಲ್ಲಿ, ಊದುವ ಸಾಮರ್ಥ್ಯ ಅಳೆಯುವ ಸ್ಪೈರೊಮೆಟ್ರಿ ಯಂತ್ರದ ಪಕ್ಕದಲ್ಲಿ ಈಗ ಕೆಲವೆಡೆ ಇನ್ನೊಂದು ಪುಟ್ಟ ಯಂತ್ರವೂ ಇರುತ್ತದೆ. ಹತ್ತು ಸೆಕೆಂಡು ನಿಧಾನವಾಗಿ ಊದಿದರೆ ಅದು ಒಂದು ಅಂಕಿ ಕೊಡುತ್ತದೆ. ಉಸಿರಿನಲ್ಲಿರುವ ನೈಟ್ರಿಕ್ ಆಕ್ಸೈಡ್ ಅನಿಲದ ಪ್ರಮಾಣ ಅದು, ನೂರು ಕೋಟಿ ಭಾಗದಲ್ಲಿ ಎಷ್ಟು ಭಾಗ ಎಂಬ ಲೆಕ್ಕ. ವರದಿಯಲ್ಲಿ ಇದನ್ನು ಪಿಪಿಬಿ ಎಂದು ಬರೆಯುತ್ತಾರೆ, ಪರೀಕ್ಷೆಗೆ ಫೀನೋ ಎನ್ನುತ್ತಾರೆ. ಮಂಗಳೂರು, ಉಡುಪಿ, ಮಣಿಪಾಲದ ಕಡೆ ದಮ್ಮಿಗೆ, ಅಂದರೆ ಅಸ್ತಮಾಕ್ಕೆ, ಚಿಕಿತ್ಸೆ ಪಡೆಯುತ್ತಿರುವವರ ಚೀಟಿಯಲ್ಲಿ ಈ ಹೆಸರು ಕಂಡಾಗ, ಸ್ಪೈರೊಮೆಟ್ರಿ ಆಗಿದೆಯಲ್ಲ, ಇದು ಮತ್ತೆ ಯಾಕೆ ಎಂಬ ಪ್ರಶ್ನೆ ಏಳುವುದು ಸಹಜ. ನಮ್ಮ ಅಭಿಪ್ರಾಯ ಹೀಗಿದೆ: ಸ್ಟೀರಾಯ್ಡ್ ಪಂಪ್ (ಉಸಿರಿನೊಂದಿಗೆ ಮದ್ದು ಎಳೆದುಕೊಳ್ಳುವ ಇನ್ಹೇಲರ್) ಈ ರೋಗಿಗೆ ಹಿಡಿಸುತ್ತದೆಯೇ, ಹಿಡಿಸುತ್ತಿದೆಯೇ ಎಂದು ತಿಳಿಯಬೇಕಿದ್ದರೆ ಇದು ಕೊಟ್ಟ ದುಡ್ಡಿಗೆ ಮೋಸವಿಲ್ಲದ ಪರೀಕ್ಷೆ. ದಮ್ಮು ಇದೆಯೋ ಇಲ್ಲವೋ ಎಂದು ಇದೊಂದರಿಂದಲೇ ತೀರ್ಮಾನಿಸಲು ಹೊರಟರೆ ಅಲ್ಲ. ತಯಾರಿಯಿಲ್ಲದೆ ಮಾಡಿಸಿದರಂತೂ ಬಂದ ಅಂಕಿಯನ್ನು ನಂಬುವ ಹಾಗೇ ಇಲ್ಲ.

ನೈಟ್ರಿಕ್ ಆಕ್ಸೈಡ್ ಹೊರಗಿನಿಂದ ಬಂದ ವಿಷವಲ್ಲ. ಅರ್ಜಿನೈನ್ ಎಂಬ ಅಮೈನೋ ಆಮ್ಲದಿಂದ ನಮ್ಮ ಜೀವಕೋಶಗಳೇ ಇದನ್ನು ತಯಾರಿಸುತ್ತವೆ. ರಕ್ತನಾಳಗಳನ್ನು ಸಡಿಲಿಸುವ ಸಂದೇಶವಾಹಕ ಇದೇ ಎಂದು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಬಂತು. ಮನುಷ್ಯ ಹೊರಬಿಡುವ ಉಸಿರಿನಲ್ಲಿ ಈ ಅನಿಲ ಇದೆ ಎಂದು ಸ್ವೀಡನ್ನಿನ ಸಂಶೋಧಕರು 1991ರಲ್ಲಿ ತೋರಿಸಿದ್ದರು. ದಮ್ಮಿನವರ ಉಸಿರಿನಲ್ಲಿ ಅದರ ಪ್ರಮಾಣ ಹೆಚ್ಚು ಎಂದು 1993ರಲ್ಲಿ ಅಲ್ಲಿಂದಲೇ ವರದಿಯಾಯಿತು. ಕಾರಣ ಆಮೇಲೆ ಬಿಡಿಸಿಕೊಂಡಿತು. ಅಲರ್ಜಿ ಬಗೆಯ ಉರಿಯೂತದಲ್ಲಿ ಇಂಟರ್‌ಲ್ಯೂಕಿನ್-13 ಎಂಬ ಪ್ರೋಟೀನ್ ಶ್ವಾಸನಾಳದ ಒಳಪದರಕ್ಕೆ ಸಂಕೇತ ಕೊಡುತ್ತದೆ. ಒಳಪದರದ ಕೋಶಗಳು ಐನಾಸ್ ಎಂಬ ಕಿಣ್ವವನ್ನು ಹೆಚ್ಚಾಗಿ ತಯಾರಿಸುತ್ತವೆ, ಆ ಕಿಣ್ವ ನೈಟ್ರಿಕ್ ಆಕ್ಸೈಡನ್ನು ಹೆಚ್ಚಿಸುತ್ತದೆ. ಸ್ಟೀರಾಯ್ಡ್ ಪಂಪ್ ಈ ಉರಿಯೂತವನ್ನು ತಗ್ಗಿಸುವುದರಿಂದ ಅಂಕಿಯೂ ಇಳಿಯುತ್ತದೆ. ಪರೀಕ್ಷೆಯ ತಳಹದಿ ಇಷ್ಟೇ.

ಹಾಗಾದರೆ ಶ್ವಾಸನಾಳ ಅತಿಯಾಗಿ ಸಿಡಿಮಿಡಿಗೊಳ್ಳುವುದಕ್ಕೆ, ಅಂದರೆ ಹೊಗೆ, ಧೂಳು, ತಂಪುಗಾಳಿ ತಾಗಿದ ಕೂಡಲೇ ಬಿಗಿದುಕೊಳ್ಳುವುದಕ್ಕೆ, ಈ ಅನಿಲವೇ ಕಾರಣವೇ? ಹಲವರು ಎಡವುವುದು ಇಲ್ಲಿ. ನೈಟ್ರಿಕ್ ಆಕ್ಸೈಡ್ ತಾನಾಗಿ ಸ್ನಾಯುವನ್ನು ಸಡಿಲಿಸುವ ವಸ್ತು, ಬಿಗಿಯುವ ವಸ್ತುವಲ್ಲ. ಐನಾಸ್ ಕಿಣ್ವವನ್ನು ತಡೆಯುವ ಮದ್ದನ್ನು ದಮ್ಮಿನವರಿಗೆ ಕೊಟ್ಟು ನೋಡಿದ ಪ್ರಯೋಗವೊಂದು 2007ರಲ್ಲಿ ಪ್ರಕಟವಾಯಿತು. ಉಸಿರಿನ ನೈಟ್ರಿಕ್ ಆಕ್ಸೈಡ್ ಚೆನ್ನಾಗಿ ಇಳಿಯಿತು. ಆದರೆ ಅಲರ್ಜಿ ವಸ್ತುವನ್ನು ಉಸಿರಾಡಿಸಿದಾಗ ನಾಳ ಬಿಗಿಯುವುದಾಗಲಿ, ಅದರ ಸಿಡಿಮಿಡಿತನವಾಗಲಿ ಕಡಿಮೆಯಾಗಲಿಲ್ಲ. ಇನ್ನೊಂದು ಕಡೆ, ಇದೇ ಅನಿಲ ದೇಹದಲ್ಲೇ ಇರುವ ಗ್ಲುಟಾಥಯೋನ್ ಎಂಬ ವಸ್ತುವಿನ ಜೊತೆ ಸೇರಿ ಆಗುವ ನೈಟ್ರೊಸೊಗ್ಲುಟಾಥಯೋನ್ ಎಂಬ ಸಂಯುಕ್ತ ಶ್ವಾಸನಾಳವನ್ನು ಸಡಿಲವಾಗಿ ಇಡುತ್ತದೆ. ಅದನ್ನು ಒಡೆಯುವ ಕಿಣ್ವವೇ ಇಲ್ಲದ ಇಲಿಗಳಲ್ಲಿ, ಅಲರ್ಜಿ ಉಂಟುಮಾಡಿದರೂ ನಾಳ ಅತಿಯಾಗಿ ಸಿಡಿಮಿಡಿಗೊಳ್ಳಲಿಲ್ಲ ಎಂದು 2005ರ ಸಂಶೋಧನೆ ತೋರಿಸಿತು. ಆದ್ದರಿಂದ ಫೀನೋ ಅಂಕಿ ಹೆಚ್ಚು ಬಂದರೆ ಅನಿಲವನ್ನು ದೂರಬೇಕಾಗಿಲ್ಲ. ಒಳಗೆ ಒಂದು ನಿರ್ದಿಷ್ಟ ಬಗೆಯ ಉರಿಯೂತ ನಡೆಯುತ್ತಿದೆ ಎಂಬ ಸುದ್ದಿಯನ್ನು ಅದು ಹೊತ್ತು ತರುತ್ತದೆ, ಅಷ್ಟೆ. ಈ ವ್ಯತ್ಯಾಸ ತಲೆಯಲ್ಲಿದ್ದರೆ ವರದಿ ಓದುವಾಗ ದಾರಿ ತಪ್ಪುವುದಿಲ್ಲ.

ಈಗ ಊದುವ ವಿಷಯ. ಸ್ಪೈರೊಮೆಟ್ರಿ ಮಾಡಿಸಿದವರಿಗೆ 'ಜೋರಾಗಿ, ಇನ್ನೂ ಜೋರಾಗಿ' ಎಂದು ಟೆಕ್ನಿಷಿಯನ್ ಕೂಗುವುದು ಗೊತ್ತು. ಇಲ್ಲಿ ಅದರ ತದ್ವಿರುದ್ಧ. ಸೆಕೆಂಡಿಗೆ 50 ಮಿಲಿಲೀಟರ್ ವೇಗದಲ್ಲಿ, ಏರದೆ ಇಳಿಯದೆ, ದೊಡ್ಡವರು 10 ಸೆಕೆಂಡು ಊದಬೇಕು. ಮಕ್ಕಳಿಗೆ 6 ಸೆಕೆಂಡಿನ ಆಯ್ಕೆ ಇದೆ. ಲೆಕ್ಕ ಹಾಕಿದರೆ ಒಟ್ಟು ಅರ್ಧ ಲೀಟರ್ ಗಾಳಿ, ಹಾಗಾಗಿ ಶಕ್ತಿ ಇಲ್ಲದ ವಯಸ್ಸಾದವರೂ ಮಾಡಬಹುದು. ವೇಗಕ್ಕೆ ಇಷ್ಟು ಕಟ್ಟುನಿಟ್ಟು ಯಾಕೆಂದರೆ ಈ ಅನಿಲ ಶ್ವಾಸನಾಳದ ಗೋಡೆಯಿಂದ ಒಸರುತ್ತಿರುತ್ತದೆ. ಗಾಳಿ ಬೇಗ ಹಾದುಹೋದರೆ ಅದರಲ್ಲಿ ಕಡಿಮೆ ಸೇರುತ್ತದೆ, ನಿಧಾನವಾಗಿ ಹೋದರೆ ಹೆಚ್ಚು ಸೇರುತ್ತದೆ. ಜೋರಾಗಿ ಊದಿದವರ ಅಂಕಿ ಸುಳ್ಳಾಗಿ ಕಡಿಮೆ ಬರುತ್ತಿತ್ತು. ಅದಕ್ಕೇ ಯಂತ್ರ ಅಂಥ ಪ್ರಯತ್ನವನ್ನು ಒಪ್ಪದೆ ಮತ್ತೆ ಊದಿಸುತ್ತದೆ.

ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ನೈಯಾಕ್ಸ್ ವೆರೊ ಯಂತ್ರದಲ್ಲಿ ಇದು ಹೀಗೆ ನಡೆಯುತ್ತದೆ. ಮೊದಲು ಯಂತ್ರದಿಂದ ಮುಖ ತಿರುಗಿಸಿ ಉಸಿರನ್ನು ಪೂರ್ತಿ ಹೊರಹಾಕಬೇಕು. ಹಿಡಿಕೆಗೆ ಸಿಕ್ಕಿಸಿದ ಹೊಸ ಫಿಲ್ಟರನ್ನು ತುಟಿಗಳಿಂದ ಬಿಗಿಯಾಗಿ ಮುಚ್ಚಿ, ಅದರ ಮೂಲಕವೇ ಎದೆ ತುಂಬ ಗಾಳಿ ಎಳೆಯಬೇಕು. ಹೀಗೆ ಒಳಹೋಗುವ ಗಾಳಿಯಿಂದ ಹೊರಗಿನ ನೈಟ್ರಿಕ್ ಆಕ್ಸೈಡನ್ನು ಯಂತ್ರವೇ ಸೋಸಿ ತೆಗೆದಿರುತ್ತದೆ. ಆದ್ದರಿಂದ ಮಂಗಳೂರಿನ ಪಂಪ್‌ವೆಲ್ ವೃತ್ತದ ವಾಹನಗಳ ಹೊಗೆ ದಾಟಿ ಬಂದವರೂ ಆತಂಕಪಡಬೇಕಿಲ್ಲ. ನಂತರ ಬಾಯಿ ತೆಗೆಯದೆ, ಉಸಿರು ಕಟ್ಟಿ ನಿಲ್ಲದೆ ನಿಧಾನವಾಗಿ ಊದಬೇಕು. ಪರದೆಯ ಮೇಲೆ ಒಂದು ಚಿತ್ರ ಚಲಿಸುತ್ತಿರುತ್ತದೆ, ಜೊತೆಗೆ ಸದ್ದು ಬರುತ್ತದೆ. ವೇಗ ಸರಿಯಿದ್ದರೆ ಸದ್ದು ಒಂದೇ ಸಮನೆ ಇರುತ್ತದೆ, ಹೆಚ್ಚಾದರೆ ಕೀರಲಾಗುತ್ತದೆ, ಕಡಿಮೆಯಾದರೆ ತಗ್ಗುತ್ತದೆ. ಪರದೆ ನೋಡಿ ಗಲಿಬಿಲಿಯಾಗುವವರು ಸದ್ದಿನ ಮೇಲಷ್ಟೇ ಗಮನ ಇಟ್ಟರೆ ಸಾಕು. ಫಲಿತಾಂಶಕ್ಕೆ ಸುಮಾರು ಒಂದು ನಿಮಿಷ ಬೇಕು. ಮೂಗಿಗೆ ಕ್ಲಿಪ್ ಹಾಕಬಾರದು. ಸೈನಸ್‌ಗಳಲ್ಲಿ ಈ ಅನಿಲದ ಪ್ರಮಾಣ ಶ್ವಾಸನಾಳಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಯಂತ್ರ ಕೊಡುವ ಸಣ್ಣ ತಡೆಗೆ ಎದುರಾಗಿ ಊದಿದಾಗ ಕಿರುನಾಲಗೆಯ ಭಾಗ ಮೇಲೆದ್ದು ಮೂಗಿನ ದಾರಿ ತಾನೇ ಮುಚ್ಚಿಕೊಳ್ಳುತ್ತದೆ. ಕ್ಲಿಪ್ ಹಾಕಿದರೆ ಮೂಗಿನಲ್ಲಿ ಅನಿಲ ತುಂಬಿಕೊಂಡು ಬಾಯಿಗೆ ಸೋರುವ ಸಂಭವ ಇದೆ.

ಪರೀಕ್ಷೆ ಕೆಡುವುದು ಹೆಚ್ಚಾಗಿ ಯಂತ್ರದಿಂದಲ್ಲ, ಅದಕ್ಕೆ ಮೊದಲು ನಡೆದದ್ದರಿಂದ. ಎಲ್ಲಕ್ಕಿಂತ ಮುಖ್ಯ, ಫೀನೋ ಮೊದಲು, ಸ್ಪೈರೊಮೆಟ್ರಿ ಆಮೇಲೆ. ಸ್ಪೈರೊಮೆಟ್ರಿಯಲ್ಲಿ ಬಲವಾಗಿ ಊದಿದ ಮೇಲೆ ಸ್ವಲ್ಪ ಹೊತ್ತು ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ. ನೆಬ್ಯುಲೈಸರ್ ಅಥವಾ ನಾಳ ಸಡಿಲಿಸುವ ಸಾಲ್ಬುಟಮಾಲ್ ಪಫ್ ಕೊಟ್ಟ ಮೇಲೂ ಅಂಕಿ ಬದಲಾಗಬಹುದು. ಕೋಣೆಯಲ್ಲಿ ಸಾಲು ಉದ್ದವಾಗಿದ್ದಾಗ ಯಾವ ಯಂತ್ರ ಖಾಲಿ ಇದೆಯೋ ಅದರಲ್ಲಿ ಕೂರಿಸುವ ಪದ್ಧತಿ ಇದ್ದರೆ, ರೋಗಿಯೇ 'ಮೊದಲು ಫೀನೋ ಮಾಡಿ' ಎಂದು ಕೇಳಬೇಕು. ಕೇಳುವುದರಲ್ಲಿ ಸಂಕೋಚ ಬೇಡ, ಮಾರ್ಗದರ್ಶಿಗಳಲ್ಲಿ ಇರುವ ಕ್ರಮವೇ ಅದು.

ಎರಡನೆಯದು ಊಟ, ನಮ್ಮ ಕರಾವಳಿಯಲ್ಲಿ ಇದಕ್ಕೆ ವಿಶೇಷ ಗಮನ ಬೇಕು. ಹರಿವೆ, ಪಾಲಕ್, ಬೀಟ್‌ರೂಟ್, ಮೂಲಂಗಿ ಮುಂತಾದವುಗಳಲ್ಲಿ ನೈಟ್ರೇಟ್ ಹೆಚ್ಚು. ಹೊಟ್ಟೆಗೆ ಹೋದ ನೈಟ್ರೇಟ್ ರಕ್ತದಿಂದ ಜೊಲ್ಲಿಗೆ ಬರುತ್ತದೆ, ಬಾಯಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದರಿಂದ ನೈಟ್ರಿಕ್ ಆಕ್ಸೈಡ್ ಹುಟ್ಟುತ್ತದೆ. ಶ್ವಾಸನಾಳದಲ್ಲಿ ಏನೂ ಬದಲಾಗದಿದ್ದರೂ ಅಂಕಿ ಕೆಲವು ಗಂಟೆ ಮೇಲೇ ಇರುತ್ತದೆ. ಆದ್ದರಿಂದ ಹಿಂದಿನ ದಿನದ ಮಧ್ಯಾಹ್ನದಿಂದಲೇ ಬಸಳೆ ಪದಾರ್ಥ, ಹರಿವೆ ಪಲ್ಯ, ಬೀಟ್‌ರೂಟ್ ಸಾಂಬಾರು ಬದಿಗಿಡಿ. ಆಟಿ ತಿಂಗಳಾದರೆ ಕೆಸುವಿನ ಎಲೆಯ ಪತ್ರೊಡೆಯನ್ನೂ ಒಂದು ದಿನ ಮುಂದೂಡಿ. ಗಂಜಿಗೆ ಚಟ್ನಿ, ಉಪ್ಪಿನಕಾಯಿ ಸಾಕು. ಪರೀಕ್ಷೆಗೆ ಮುಂಚಿನ ಒಂದು ಗಂಟೆ ಏನನ್ನೂ ತಿನ್ನಬಾರದು, ಕಾಫಿ ಟೀ ಕುಡಿಯಬಾರದು, ಬೀಡಿ ಸಿಗರೇಟು ಸೇದಬಾರದು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬರಬಾರದು. ಹಿಂದಿನ ರಾತ್ರಿ ಮದ್ಯವೂ ಬೇಡ, ಅದು ಅಂಕಿಯನ್ನು ಇಳಿಸುತ್ತದೆ. ಶೀತ ಜ್ವರ ಇದ್ದರೆ ಅಂಕಿ ಏರುತ್ತದೆ, ಗುಣವಾದ ಮೇಲೆ ಬನ್ನಿ.

ಮಳೆಗಾಲದಲ್ಲಿ ಇನ್ನೊಂದು ತೊಡಕಿದೆ. ಯಂತ್ರದೊಳಗೆ ಅನಿಲವನ್ನು ಅಳೆಯುವ ಸೆನ್ಸರ್‌ಗೆ ತೇವಾಂಶದ ಮಿತಿ ಇರುತ್ತದೆ, ಶೇಕಡಾ 80ರ ಒಳಗಿರಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಂಗಳೂರಿನ ಗಾಳಿ ಆ ಗೆರೆ ದಾಟುವುದು ದಿನನಿತ್ಯದ ಮಾತು. ಕಿಟಕಿ ತೆರೆದ ಕೋಣೆಗಿಂತ ಎಸಿ ಹಾಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಾಡಿದ ಪರೀಕ್ಷೆಗೆ ನಾವು ಹೆಚ್ಚು ಬೆಲೆ ಕೊಡುತ್ತೇವೆ. ಆಲ್ಕೋಹಾಲ್ ಆವಿಯೂ ಸೆನ್ಸರಿಗೆ ಆಗುವುದಿಲ್ಲ. ಕೈಗೆ ಸ್ಯಾನಿಟೈಸರ್ ಹಚ್ಚಿ ಅದು ಆರುವ ಮುಂಚೆ ಹಿಡಿಕೆ ಹಿಡಿಯುವುದು, ಸ್ಪಿರಿಟ್ ಹತ್ತಿಯಿಂದ ಯಂತ್ರ ಒರೆಸುವುದು ಎರಡೂ ತಪ್ಪು. ಸಾಬೂನಿನಲ್ಲಿ ಕೈ ತೊಳೆದು ಕೂತರೆ ಕ್ಷೇಮ.

ಅಂಕಿ ಬಂತು. ಶ್ವಾಸಕೋಶ ತಜ್ಞರ ಸಂಘವಾದ ಅಮೆರಿಕನ್ ಥೊರಾಸಿಕ್ ಸೊಸೈಟಿ 2011ರಲ್ಲಿ ಕೊಟ್ಟ ಗೆರೆಗಳು ಈಗಲೂ ಹಲವು ಕಡೆ ಬಳಕೆಯಲ್ಲಿವೆ. ದೊಡ್ಡವರಲ್ಲಿ 25ಕ್ಕಿಂತ ಕಡಿಮೆಯಿದ್ದರೆ ಅಲರ್ಜಿ ಬಗೆಯ ಉರಿಯೂತದ ಸಾಧ್ಯತೆ ಕಡಿಮೆ, ಸ್ಟೀರಾಯ್ಡ್ ಪಂಪ್‌ನಿಂದ ಹೆಚ್ಚು ಲಾಭ ಸಿಗುವ ಸಂಭವವೂ ಕಡಿಮೆ. 50ಕ್ಕಿಂತ ಹೆಚ್ಚಿದ್ದು ಲಕ್ಷಣಗಳೂ ಇದ್ದರೆ ಪಂಪ್ ಹಿಡಿಸುವ ಸಾಧ್ಯತೆ ಚೆನ್ನಾಗಿದೆ. ನಡುವೆ ಬಂದರೆ ಉಳಿದ ಮಾಹಿತಿ ನೋಡಿ ಹೇಳಬೇಕು. 12ಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳಿಗೆ ಇದೇ ಗೆರೆಗಳು 20 ಮತ್ತು 35. ಚಿಕಿತ್ಸಾ ಮಾರ್ಗದರ್ಶಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2024ರ ಮಾರ್ಗದರ್ಶಿಯ ಪ್ರಕಾರ, ದಮ್ಮಿನ ಲಕ್ಷಣ ಇರುವ ದೊಡ್ಡವರಲ್ಲಿ 50 ಅಥವಾ ಮೇಲೆ ಬಂದರೆ ರೋಗ ಇದೆ ಎಂದೇ ಒಪ್ಪಬಹುದು. ಲಕ್ಷಣ ಇರುವ ಎಂಬ ಮಾತನ್ನು ಅಡಿಗೆರೆ ಹಾಕಿ ಓದಬೇಕು. ಬೆಳಗ್ಗೆ ಎದ್ದ ಕೂಡಲೇ ಸಾಲು ಸೀನು ಬರುವ ಅಲರ್ಜಿಯವರಲ್ಲಿ ದಮ್ಮೇ ಇಲ್ಲದೆ ಅಂಕಿ ಏರಿರುತ್ತದೆ. ಗೋಡೆಯಲ್ಲಿ ಬೂಷ್ಟು ಹಿಡಿಯುವ, ಹಾಸಿಗೆ ಒಣಗದ ನಮ್ಮ ಮಳೆಗಾಲದಲ್ಲಿ ಧೂಳಿನ ಹುಳಕ್ಕೆ ಹಬ್ಬ, ಅಂಥವರ ಸಂಖ್ಯೆಯೂ ಇಲ್ಲಿ ಸಣ್ಣದಲ್ಲ.

ಕಡಿಮೆ ಅಂಕಿ ಬಂದವರಿಗೆ ಎರಡು ಮಾತು ಖಡಾಖಂಡಿತವಾಗಿ ಹೇಳಬೇಕಿದೆ. ಪಂಪ್ ತೆಗೆದುಕೊಳ್ಳುತ್ತಿರುವಾಗ 16 ಬಂದರೆ ರೋಗ ಹೋಯಿತು ಎಂದು ತಿಳಿಯಬೇಡಿ, ಪಂಪ್ ಕೆಲಸ ಮಾಡುತ್ತಿರುವುದರಿಂದಲೇ 16 ಬಂದಿರಬಹುದು. ಅಂಕಿ ನೋಡಿ ತಾವೇ ಪಂಪ್ ನಿಲ್ಲಿಸಿದರೆ ಒಳಗಿನ ಉರಿಯೂತ ಮತ್ತೆ ಮೆಲ್ಲನೆ ಏರುತ್ತದೆ, ಒಂದು ರಾತ್ರಿ ಎದೆ ಬಿಗಿದು ಎಮರ್ಜೆನ್ಸಿಗೆ ಓಡುವ ಪರಿಸ್ಥಿತಿ ಬರಬಹುದು. ಹಾಗೆಯೇ ಪರೀಕ್ಷೆಗೆಂದು ಪಂಪ್ ಬಿಟ್ಟು ಬರಬೇಡಿ, ಡಾಕ್ಟರ್ ಹೇಳಿದ್ದರೆ ಮಾತ್ರ ಬಿಡಿ. ಬೀಡಿ ಸಿಗರೇಟು ಸೇದುವವರಲ್ಲೂ ಅಂಕಿ ಕಡಿಮೆ ಬರುತ್ತದೆ, ಅದರ ಮೇಲೆ ಭರವಸೆ ಇಡುವಂತಿಲ್ಲ. ಇನ್ನು ಎಲ್ಲ ದಮ್ಮೂ ಅಲರ್ಜಿ ಬಗೆಯದ್ದಲ್ಲ. ಗ್ಯಾರೇಜುಗಳಲ್ಲಿ ಕಾರಿಗೆ ಸ್ಪ್ರೇ ಮಾಡುವ 2ಕೆ (ಎರಡು ಭಾಗ ಬೆರೆಸುವ) ಪೇಂಟಿನ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಕೆಲಸದ ಜಾಗದ ದಮ್ಮಿಗೆ ಚೆನ್ನಾಗಿ ಗೊತ್ತಿರುವ ಕಾರಣಗಳಲ್ಲಿ ಅದೂ ಒಂದು. ಅಂಥವರಲ್ಲಿ ಫೀನೋ ಸಾಮಾನ್ಯ ಮಟ್ಟದಲ್ಲಿದ್ದೂ ರೋಗ ಇರಬಹುದು. ವಾರದ ರಜೆಯಲ್ಲಿ ಉಸಿರು ಹಗುರಾಗಿ, ಕೆಲಸಕ್ಕೆ ಮರಳಿದ ಮೇಲೆ ಬಿಗಿಯುತ್ತದೆ ಎಂದಾದರೆ ಆ ಮಾತನ್ನು ಅಂಕಿಗಿಂತ ಮೊದಲು ಡಾಕ್ಟರಿಗೆ ಹೇಳಿ.

ಈ ಪರೀಕ್ಷೆ ನಿಜವಾಗಿ ತನ್ನ ಬೆಲೆ ತೋರಿಸುವುದು, ಪಂಪ್ ಇದ್ದೂ ಅಂಕಿ 60, 70ರಲ್ಲಿ ನಿಂತವರಲ್ಲಿ. ಡೋಸ್ ಹೆಚ್ಚಿಸುವ ಮೊದಲು ಮದ್ದು ಒಳಗೆ ತಲುಪುತ್ತಿದೆಯೇ ಎಂದು ನೋಡಬೇಕು. ಸ್ಪ್ರೇ ಪಂಪ್ ಆದರೆ ಕುಲುಕಿ, ಉಸಿರು ಬಿಟ್ಟು, ನಿಧಾನವಾಗಿ ಎಳೆಯಲು ಶುರುಮಾಡುವಾಗ ಒತ್ತಿ, 10 ಸೆಕೆಂಡು ಉಸಿರು ಹಿಡಿಯಬೇಕು. ಪಂಪ್‌ಗೂ ಬಾಯಿಗೂ ನಡುವೆ ಇಡುವ ಪ್ಲಾಸ್ಟಿಕ್ ಕೊಳವೆ, ಅಂದರೆ ಸ್ಪೇಸರ್ ಇದ್ದರೆ ಇನ್ನೂ ಒಳ್ಳೆಯದು. ಸ್ಪೇಸರನ್ನು ಸೋಪಿನ ನೀರಿನಲ್ಲಿ ತೊಳೆದು ಒರೆಸದೆ ಒಣಗಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್ಕಿಗೆ ಸ್ಥಿರವಿದ್ಯುತ್ ಬಂದು ಮದ್ದು ಗೋಡೆಗೇ ಅಂಟುತ್ತದೆ. ಕ್ಯಾಪ್ಸೂಲ್ ಹಾಕುವ ಪುಡಿ ಇನ್ಹೇಲರ್‌ನಲ್ಲಿ ಎಳೆಯುವ ರೀತಿಯೇ ಬೇರೆ, ಜೋರಾಗಿ ಮತ್ತು ಆಳವಾಗಿ ಎಳೆಯಬೇಕು. ಮಳೆಗಾಲದಲ್ಲಿ ಕ್ಯಾಪ್ಸೂಲನ್ನು ಮೊದಲೇ ಇನ್ಹೇಲರಿಗೆ ತುಂಬಿಟ್ಟರೆ ತೇವಕ್ಕೆ ಪುಡಿ ಗಂಟಾಗುತ್ತದೆ. ಬಳಸುವ ಹೊತ್ತಿಗೇ ಹೊರತೆಗೆಯಿರಿ, ಡಬ್ಬಿಯೊಳಗಿನ ಸಿಲಿಕಾ ಜೆಲ್ ಪೊಟ್ಟಣವನ್ನು ಎಸೆಯಬೇಡಿ. ಹೀಗೆ ಸರಿಪಡಿಸಿ, ಮನೆಯವರ ಕಣ್ಣೆದುರೇ ಒಂದು ವಾರ ನಿಯಮ ತಪ್ಪದೆ ತೆಗೆದುಕೊಂಡು ಮತ್ತೆ ಊದಿದಾಗ ಅಂಕಿ ಸರ್ರನೆ ಇಳಿದರೆ, ಮದ್ದು ಸರಿಯಿದೆ, ಅದು ಒಳಗೆ ಹೋಗುತ್ತಿರಲಿಲ್ಲ ಎಂದು ಗೊತ್ತಾಗುತ್ತದೆ. ತೀವ್ರ ದಮ್ಮಿಗೆ ಕೊಡುವ ದುಬಾರಿ ಚುಚ್ಚುಮದ್ದಿನ ಮಾತು ಬರುವ ಮೊದಲು ಇದಾಗಲೇಬೇಕು. ಆ ಚುಚ್ಚುಮದ್ದುಗಳಲ್ಲೂ ವ್ಯತ್ಯಾಸ ಇದೆ: ಡುಪಿಲುಮ್ಯಾಬ್ ಇಂಟರ್‌ಲ್ಯೂಕಿನ್-13ರ ದಾರಿಯನ್ನೇ ಕಟ್ಟುವುದರಿಂದ ಫೀನೋ ಇಳಿಸುತ್ತದೆ, ಮೆಪೊಲಿಜುಮ್ಯಾಬ್ ಅಷ್ಟಾಗಿ ಇಳಿಸುವುದಿಲ್ಲ.

ಶ್ವಾಸನಾಳದ ಸಿಡಿಮಿಡಿತನವನ್ನೇ ಅಳೆಯಬೇಕಿದ್ದರೆ ಫೀನೋ ಸಾಲದು, ಮೆಥಕೊಲಿನ್ ಪರೀಕ್ಷೆ ಬೇಕು. ಕೆನಡಾದ ಕಾಕ್‌ಕ್ರಾಫ್ಟ್ ಮತ್ತು ಹಾರ್ಗ್ರೀವ್ ತಂಡ 1977ರಲ್ಲಿ ನಾಳ ಬಿಗಿಯುವ ಇನ್ನೊಂದು ವಸ್ತುವಾದ ಹಿಸ್ಟಮೈನ್‌ನೊಂದಿಗೆ ರೂಪಿಸಿದ ಕ್ರಮ ಇದಕ್ಕೆ ಅಡಿಪಾಯವಾಯಿತು. ಮೆಥಕೊಲಿನ್ ನಾಳದ ಸ್ನಾಯುವನ್ನು ನೇರವಾಗಿ ಬಿಗಿಯುತ್ತದೆ. ಸಣ್ಣ ಡೋಸಿನಿಂದ ಏರಿಸುತ್ತಾ ಹೋಗಿ, ಮೊದಲ ಸೆಕೆಂಡಿನಲ್ಲಿ ಊದುವ ಗಾಳಿ ಶೇಕಡಾ 20 ಇಳಿದಲ್ಲಿ ನಿಲ್ಲಿಸುತ್ತಾರೆ. 2017ರ ಐರೋಪ್ಯ ಮಾನದಂಡದಂತೆ 400 ಮೈಕ್ರೊಗ್ರಾಂ ದಾಟಿದರೂ ಇಳಿಯದಿದ್ದರೆ ಸಿಡಿಮಿಡಿತನ ಇಲ್ಲ, 25ರೊಳಗೇ ಇಳಿದರೆ ಮಧ್ಯಮ ಅಥವಾ ತೀವ್ರ. ಊದುವ ಸಾಮರ್ಥ್ಯ ಮೊದಲೇ ಇರಬೇಕಾದ ಮಟ್ಟದ ಶೇಕಡಾ 60ಕ್ಕಿಂತ ಕಡಿಮೆ ಇದ್ದವರಿಗೆ, ಕಳೆದ 3 ತಿಂಗಳಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಿಗೆ ಇದನ್ನು ಮಾಡುವುದಿಲ್ಲ. ಎಲ್ಲ ಆಸ್ಪತ್ರೆಗಳಲ್ಲೂ ಇದು ಸಿಗುವುದಿಲ್ಲ, ಡಾಕ್ಟರ್ ಹತ್ತಿರ ಇರುವಾಗಲೇ ಆಗಬೇಕಾದ ಪರೀಕ್ಷೆ.

ಫೀನೋ ದರ ಸ್ಪೈರೊಮೆಟ್ರಿಗಿಂತ ಬೇರೆಯೇ ಇರುತ್ತದೆ, ಫೋನ್ ಮಾಡಿ ಕೇಳಿ. ಸೆನ್ಸರ್ ಇಷ್ಟೇ ಪರೀಕ್ಷೆಗೆ ಎಂದು ಎಣಿಕೆಯ ಮೇಲೆ ಬರುತ್ತದೆ, ಅವಧಿಯೂ ಮುಗಿಯುತ್ತದೆ, ಪ್ರತಿಯೊಬ್ಬರಿಗೂ ಹೊಸ ಫಿಲ್ಟರ್ ಬೇಕು, ದರಕ್ಕೆ ಕಾರಣ ಅದು. ಅದೇ ಕರೆಯಲ್ಲಿ ಸೆನ್ಸರ್ ಅವಧಿಯೊಳಗಿದೆಯೇ, ಮಗುವಿಗೆ 6 ಸೆಕೆಂಡಿನ ಆಯ್ಕೆ ಇದೆಯೇ ಎಂದೂ ಕೇಳಿಕೊಳ್ಳಿ. ತೀರಾ ಸಣ್ಣ ಮಕ್ಕಳಿಗೆ ಒಂದೇ ಸಮನೆ ಊದಲು ಬರುವುದಿಲ್ಲ, ಅವರನ್ನು ಪೀಡಿಸುವುದು ಬೇಡ. ಮನೆಯಲ್ಲಿ ದಿನವೂ ನೋಡಿಕೊಳ್ಳಲು ಊದುವ ವೇಗ ಅಳೆಯುವ ಪುಟ್ಟ ಸಾಧನ, ಪೀಕ್ ಫ್ಲೋ ಮೀಟರ್ ಸಾಕು. ಬೆಳಗ್ಗೆ ಸಂಜೆ ಮೂರು ಸಲ ಊದಿ ದೊಡ್ಡ ಅಂಕಿ ಬರೆದಿಡಿ. ದಿನದೊಳಗಿನ ಏರಿಳಿತದ ಸರಾಸರಿ ದೊಡ್ಡವರಲ್ಲಿ ಶೇಕಡಾ 10 ಮೀರಿದರೆ ಡಾಕ್ಟರಿಗೆ ತೋರಿಸಿ.

ವರದಿಯಲ್ಲಿ ಅಂಕಿಯ ಜೊತೆ ಯಂತ್ರದ ಹೆಸರು, ದಿನಾಂಕ, ಸಮಯ, ಆಗ ತೆಗೆದುಕೊಳ್ಳುತ್ತಿದ್ದ ಪಂಪ್ ಮತ್ತು ಡೋಸ್ ಬರೆಸಿಕೊಳ್ಳಿ. ಬೇರೆ ಕಂಪನಿಯ ಯಂತ್ರದ ಅಂಕಿಯೊಂದಿಗೆ ನೇರವಾಗಿ ಹೋಲಿಸಲು ಬರುವುದಿಲ್ಲ, ಆದ್ದರಿಂದ ಎರಡನೇ ಸಲವೂ ಅದೇ ಕೋಣೆಗೆ ಹೋಗಿ. ಮೊದಲಿನದು 50ಕ್ಕಿಂತ ಮೇಲಿದ್ದರೆ ಶೇಕಡಾ 20, ಕೆಳಗಿದ್ದರೆ 10 ಪಿಪಿಬಿ ಇಳಿದಾಗ ಮಾತ್ರ ನಿಜವಾಗಿ ಇಳಿದಂತೆ. 42 ಇದ್ದದ್ದು 38 ಆದರೆ ಏನೂ ಬದಲಾಗಿಲ್ಲ ಎಂದೇ ಲೆಕ್ಕ.